ಹಲಗಿ ಸದ್ದು ಎಲ್ಲಿಂದ ತರೋದು? ಸ್ಯಾಂಪಲ್ಲೋ, ಸಿಂಥೋ?

ನಾನು ಎರಡನೇ ವರ್ಷದ ವಿದ್ಯಾರ್ಥಿ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಮನೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪ್‌ನಲ್ಲಿ ಬೀಟ್ ಮಾಡೋದು ನನ್ನ ಹುಚ್ಚು. ಹಾಸ್ಟೆಲ್‌ನಲ್ಲಿ ಈ ಹುಚ್ಚು ಇರೋರು ಇನ್ನೂ ನಾಲ್ಕೈದು ಜನ ಇದ್ದಾರೆ. ನಮ್ಮ ನಡುವೆ ತಿಂಗಳಿಗೊಮ್ಮೆಯಾದರೂ ಬರೋ ಜಗಳ ಒಂದೇ: ಸ್ಯಾಂಪಲ್ ಬಳಸಬೇಕೋ, ಸಿಂಥಸೈಜರ್ ಬಳಸಬೇಕೋ? ಒಬ್ಬ ಹೇಳ್ತಾನೆ, "ಸ್ಯಾಂಪಲ್ ಅಂದ್ರ ರೆಕಾರ್ಡ್ ಬುಕ್ ಕಾಪಿ ಹೊಡದಂಗಲೇ." ಇನ್ನೊಬ್ಬ ಹೇಳ್ತಾನೆ, "ಸಿಂಥ್‌ನಾಗ ಏನ್ ಮಾಡಿದ್ರೂ ವಿಡಿಯೋ ಗೇಮ್ ಸದ್ದ ಬರ್ತೈತಿ."

ಈ ಜಗಳಕ್ಕೆ ನನಗೆ ಉತ್ತರ ಸಿಕ್ಕಿದ್ದು ಪುಸ್ತಕದಿಂದಲ್ಲ, ಒಂದು ಹಲಗಿಯಿಂದ. ಅದನ್ನೇ ಇಲ್ಲಿ ಪಾಠದ ಹಾಗೆ ಬರೀತೀನಿ.

ಮೊದಲು ನಾನು ಮಾಡಿದ ತಪ್ಪು

ಹೋಳಿ ಬಂತು ಅಂದ್ರೆ ಹುಬ್ಬಳ್ಳಿ ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ಬೇರೆ ಊರಿಂದ ಬಂದವರಿಗೆ ಹೇಳ್ತೀನಿ. ಓಣಿ ಓಣಿಯಲ್ಲಿ ಕಾಮಣ್ಣನನ್ನು ಕೂರಿಸ್ತಾರೆ, ರಂಗಪಂಚಮಿ ದಿನ ಬಣ್ಣ ಆಡ್ತಾರೆ. ಅದಕ್ಕೂ ಎಷ್ಟೋ ದಿನ ಮೊದಲೇ ಹಲಗಿ ಶುರುವಾಗಿರುತ್ತೆ. ಇತ್ತೀಚಿನ ವರ್ಷಗಳಲ್ಲಿ ಜಗ್ಗಲಗಿ ಹಬ್ಬ ಅಂತ ದೊಡ್ಡ ಮೆರವಣಿಗೆಯೂ ನಡೀತಿದೆ. ಜಗ್ಗಲಗಿ ಅಂದ್ರೆ ಚಕ್ಕಡಿ ಗಾಲಿಯ ಹಳಿಗೆ ಚರ್ಮ ಬಿಗಿದು ಮಾಡಿದ ಭಾರಿ ವಾದ್ಯ. ಹಲಗಿ ಅದರ ಸಣ್ಣ ತಮ್ಮ ಅಂದುಕೊಳ್ಳಿ.

ಹೋದ ಹೋಳಿಗೆ ನಮ್ಮ ಓಣಿಯ ಒಬ್ಬ ಕಾಕಾ ಹಲಗಿ ಬಾರಿಸೋದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಕೇಳಲಿಲ್ಲ, ಹೇಳಲಿಲ್ಲ. ಎಲ್ಲರೂ ವಿಡಿಯೋ ಮಾಡ್ತಾರಲ್ಲ, ಹಾಗೇ. ಅದರಲ್ಲಿ ಎರಡು ಆವರ್ತ ಕತ್ತರಿಸಿ, ಲೂಪ್ ಮಾಡಿ, ಕೆಳಗೆ ಬೇಸ್ ಹಾಕಿ ಕಾಲೇಜಿನ ಕಾರ್ಯಕ್ರಮದಲ್ಲಿ ಹಾಕಿದೆ. ಜನ ಕುಣಿದರು. ಒಬ್ಬ ಸೀನಿಯರ್ ಬಂದು "ಯಾವ ಸ್ಯಾಂಪಲ್ ಪ್ಯಾಕ್ ಇದು?" ಅಂತ ಕೇಳಿದರು. ನಾನು "ನಂದೇ ಅಣ್ಣಾ" ಅಂದುಬಿಟ್ಟೆ.

ಎರಡು ದಿನ ಬಿಟ್ಟು ಖುಷಿಯಿಂದ ಕಾಕಾನಿಗೂ ಕೇಳಿಸಿದೆ. ಇಯರ್‌ಫೋನ್ ಕಿವಿಗೆ ಇಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ ಅಂದರು: "ಇದು ನಂದ ಕೈ ಐತಲ್ಲೋ. ಮೊದಲ ಹೇಳಿದ್ದಿ ಅಂದ್ರ ಕಾಯಿಸಿ ಬಾರಸ್ತಿದ್ನಿ. ಅವತ್ತ ಹಲಗಿ ಸಡ್ಲ ಆಗಿತ್ತು."

ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಅವರಿಗೆ ಬೇಜಾರಾಗಿದ್ದು ನಾನು ತೆಗೆದುಕೊಂಡಿದ್ದಕ್ಕಲ್ಲ. ಅವರ ಚೊಲೊ ಸದ್ದು ಬಿಟ್ಟು ಸಡಿಲು ಸದ್ದನ್ನ ನಾಲ್ಕು ನೂರು ಜನರಿಗೆ ಕೇಳಿಸಿದ್ದಕ್ಕೆ.

ಸ್ಯಾಂಪಲ್ ಅಂದ್ರೆ ಏನು

ಕಾಕಾ ಹೇಳಿದ ಮಾತಿನಲ್ಲೇ ಸ್ಯಾಂಪಲ್‌ನ ಅರ್ಥ ಇದೆ. ಸ್ಯಾಂಪಲ್ ಅನ್ನೋದು ಒಂದು ವಾದ್ಯದ ಸದ್ದಲ್ಲ. ಒಂದು ದಿನ, ಒಂದು ಜಾಗದಲ್ಲಿ, ಒಬ್ಬರ ಕೈ ಒಂದು ವಾದ್ಯದ ಮೇಲೆ ಬಿದ್ದಾಗ ಬಂದ ಸದ್ದು. ಹಲಗಿ ಚರ್ಮ ಗಾಳಿಯ ತೇವ ಹೀರಿಕೊಂಡು ಸಡಿಲವಾಗುತ್ತೆ. ಬೆಂಕಿಗೆ ಹಿಡಿದರೆ ತೇವ ಹೋಗಿ ಬಿಗಿಯಾಗುತ್ತೆ. ನಾನು ರೆಕಾರ್ಡ್ ಮಾಡಿದ್ದು ಸಡಿಲ ಇದ್ದಾಗ, ಅದಕ್ಕೇ ನನ್ನ ಫೈಲಿನಲ್ಲಿ ಅದು ಯಾವಾಗಲೂ ಸಡಿಲವೇ.

ಈಗ ಲೆಕ್ಕ. ಸಿ.ಡಿ. ಗುಣಮಟ್ಟ ಅಂದ್ರೆ ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 16 ಬಿಟ್, ಅಂದ್ರೆ 65,536 ಮಟ್ಟಗಳು. ಮನುಷ್ಯನ ಕಿವಿ ಕೇಳೋದು ಹೆಚ್ಚೆಂದರೆ ಸುಮಾರು 20,000 ಹರ್ಟ್ಜ್ ತನಕ. ನೈಕ್ವಿಸ್ಟ್ ಪ್ರಕಾರ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು, ಅದಕ್ಕೇ 44,100. ಸ್ಟೀರಿಯೋ ಆದರೆ ಒಂದು ನಿಮಿಷಕ್ಕೆ ಸುಮಾರು 10.6 ಎಂಬಿ. ಇವತ್ತಿನ ಫೋನಿಗೆ ಇದೇನೂ ಅಲ್ಲ.

ಆದರೆ ಒಂದು ತೊಡಕಿದೆ. ಸ್ಯಾಂಪಲ್‌ನ ಶ್ರುತಿ ಏರಿಸಬೇಕು ಅಂದ್ರೆ ಸರಳ ದಾರಿ ಅದನ್ನು ವೇಗವಾಗಿ ಓಡಿಸೋದು. ಒಂದು ಸೆಮಿಟೋನ್ ಏರಿಸಲು 2ರ ಹನ್ನೆರಡನೇ ಮೂಲ, ಅಂದ್ರೆ 1.059 ಪಟ್ಟು ವೇಗ. ನಾಲ್ಕು ಸೆಮಿಟೋನ್ ಏರಿಸಿದರೆ 1.26 ಪಟ್ಟು. ಆಗ 300 ಮಿಲಿಸೆಕೆಂಡಿನ ಪೆಟ್ಟು 238 ಮಿಲಿಸೆಕೆಂಡಿಗೆ ಇಳಿಯುತ್ತೆ. ಬರೀ ಶ್ರುತಿ ಅಲ್ಲ, ಕೋಲಿನ ಟಪ್ ಸದ್ದು, ಓಣಿಯ ಗೋಡೆಗೆ ಬಡಿದು ಬಂದ ಪ್ರತಿಧ್ವನಿ ಎಲ್ಲವೂ ಮೇಲೇರುತ್ತೆ. ಹಲಗಿ ಬಿಗಿಯಾದ ಹಾಗೆ ಅಲ್ಲ, ಹಲಗಿಯೂ ಓಣಿಯೂ ಒಟ್ಟಿಗೆ ಸಣ್ಣದಾದ ಹಾಗೆ ಕೇಳುತ್ತೆ. ನನ್ನ ಸಡಿಲು ಹಲಗಿಯನ್ನ ಹೀಗೆ ಬಿಗಿ ಮಾಡಲು ಹೋಗಿ ಆಟಿಕೆ ಡಬ್ಬಿ ಸದ್ದು ಬಂತು. ವೇಗ ಬದಲಾಯಿಸದೆ ಶ್ರುತಿ ಏರಿಸುವ ಸಾಫ್ಟ್‌ವೇರ್ ಇದೆ, ಆದರೆ ಹಲಗಿಯಂಥ ಚೂಪು ಪೆಟ್ಟಿನ ಅಂಚನ್ನ ಅದು ಮೊಂಡು ಮಾಡುತ್ತೆ.

ಇನ್ನೊಂದು ತೊಡಕು: ಒಂದೇ ಪೆಟ್ಟನ್ನ ಹದಿನಾರು ಸಲ ಬಾರಿಸಿದರೆ ಹೊಲಿಗೆ ಮಷೀನಿನ ಹಾಗೆ ಕೇಳುತ್ತೆ. ಮನುಷ್ಯನ ಎರಡು ಪೆಟ್ಟು ಯಾವತ್ತೂ ಒಂದೇ ಥರ ಇರಲ್ಲ.

ಸಿಂಥ್ ಕಡೆ ಓಡಿಹೋದೆ

ಕಾಕಾನ ಮಾತು ಕೇಳಿದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಯಾರ ಸದ್ದೂ ಬೇಡ, ಸೊನ್ನೆಯಿಂದ ನಾನೇ ಹಲಗಿ ಕಟ್ಟುತ್ತೀನಿ. ಆಗ ಯಾರಿಗೂ ಬಾಕಿ ಇರಲ್ಲ.

ಸಿಂಥಸೈಜರ್ ಸದ್ದನ್ನ ತುಂಬಿಟ್ಟುಕೊಳ್ಳಲ್ಲ, ಹುಟ್ಟಿಸುತ್ತೆ. ಆಸಿಲೇಟರ್ ಅಲೆ ಕೊಡುತ್ತೆ, ಫಿಲ್ಟರ್ ಅದನ್ನ ಕೆತ್ತುತ್ತೆ, ಎನ್ವಲಪ್ ಅದು ಹೇಗೆ ಶುರುವಾಗಿ ಹೇಗೆ ಸಾಯಬೇಕು ಅಂತ ಹೇಳುತ್ತೆ. ಅಂದ್ರೆ ಹಲಗಿ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದೆ ಸಿಂಥ್‌ನಲ್ಲಿ ಹಲಗಿ ಮಾಡಕ್ಕಾಗಲ್ಲ. ಇಲ್ಲಿ ಮ್ಯಾಥ್ಸ್ ಕೈ ಹಿಡಿಯಿತು. ಬೆಸೆಲ್ ಫಂಕ್ಷನ್ ನೆನಪಿದೆಯಾ? "ಇದು ಜೀವನದಾಗ ಎಲ್ಲಿ ಬರ್ತೈತಿ" ಅಂತ ನಾವೆಲ್ಲ ಗೊಣಗಿದ್ದೆವಲ್ಲ. ಹಲಗಿಯಲ್ಲಿ ಬರುತ್ತೆ. ಅಂಚು ಬಿಗಿದ ದುಂಡು ಪೊರೆಗೆ ವೇವ್ ಇಕ್ವೇಶನ್ ಬಿಡಿಸಿದರೆ, ಅದು ಯಾವ ಯಾವ ಆವೃತ್ತಿಗಳಲ್ಲಿ ಅದುರುತ್ತೆ ಅನ್ನೋದು ಬೆಸೆಲ್ ಫಂಕ್ಷನ್‌ಗಳು ಸೊನ್ನೆಯಾಗುವ ಬಿಂದುಗಳಿಂದ ಬರುತ್ತೆ: 2.405, 3.832, 5.136, 5.520. ಮೊದಲನೆಯದರಿಂದ ಭಾಗಿಸಿದರೆ ಅನುಪಾತಗಳು 1, 1.59, 2.14, 2.30.

ತಂತಿಯಲ್ಲಿ ಈ ಅನುಪಾತ 1, 2, 3, 4 ಅಂತ ಅಚ್ಚುಕಟ್ಟಾಗಿ ಇರುತ್ತೆ, ಅದಕ್ಕೇ ತಂತಿಗೆ ಸ್ಪಷ್ಟ ಸ್ವರ ಇದೆ. ಬರೀ ಪೊರೆಯಲ್ಲಿ ಹಾಗಿಲ್ಲ, ಅದಕ್ಕೇ ಹಲಗಿಗೆ ಸ್ವರ ಅನ್ನೋದಕ್ಕಿಂತ ಸದ್ದು ಜಾಸ್ತಿ. ಹಾಗಾದರೆ ತಬಲಾದಲ್ಲಿ ಸ್ವರ ಹೇಗೆ? ಅದರ ನಡುವಿನ ಕಪ್ಪು ಕರಣೆ ಈ ಅನುಪಾತಗಳನ್ನ ಎಳೆದು ಪೂರ್ಣ ಸಂಖ್ಯೆಗಳ ಹತ್ತಿರ ತರುತ್ತೆ. ಇದನ್ನ ಅಳೆದು ತೋರಿಸಿದವರು ಸರ್ ಸಿ.ವಿ. ರಾಮನ್. 1920ರಲ್ಲಿ ಒಮ್ಮೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ಇನ್ನೂ ವಿವರವಾಗಿ ಬರೆದರು.

ಸರಿ, ನನ್ನ ಹಲಗಿಯ ಅಡುಗೆ ಹೀಗೆ. ಮೂಲ ಆವೃತ್ತಿ 200 ಹರ್ಟ್ಜ್ ಇಟ್ಟುಕೊಳ್ಳಿ.

ಒಂದು, ನಾಲ್ಕು ಸೈನ್ ಅಲೆಗಳು: 200, 319, 427, 459 ಹರ್ಟ್ಜ್. ಮೇಲಿನವು ಬೇಗ ಸಾಯಬೇಕು, ಕೆಳಗಿನದು ನಿಧಾನ.

ಎರಡು, ಪಿಚ್ ಎನ್ವಲಪ್. ಜೋರಾಗಿ ಹೊಡೆದಾಗ ಚರ್ಮ ಹಿಗ್ಗಿ ಕ್ಷಣಕಾಲ ಬಿಗಿಯಾಗುತ್ತೆ, ಶ್ರುತಿ ಮೇಲೇರಿ ಇಳಿಯುತ್ತೆ. ಅದಕ್ಕೆ 240ರಿಂದ 200ಕ್ಕೆ 40 ಮಿಲಿಸೆಕೆಂಡಿನಲ್ಲಿ ಇಳಿಸಿ.

ಮೂರು, ಕೋಲಿನ ಸದ್ದು. 10ರಿಂದ 15 ಮಿಲಿಸೆಕೆಂಡು ನಾಯ್ಸ್, ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ 3,000 ಹರ್ಟ್ಜ್ ಆಸುಪಾಸು.

ನಾಲ್ಕು, ನಡುವೆ ಹೊಡೆದ ಪೆಟ್ಟು, ಅಂಚಿಗೆ ಹೊಡೆದ ಪೆಟ್ಟು ಬೇರೆ ಬೇರೆ ಮಾಡಿ. ಸರಿಯಾಗಿ ನಡುವೆ ಹೊಡೆದರೆ ಈ ನಾಲ್ಕರಲ್ಲಿ 1 ಮತ್ತು 2.30 ಮಾತ್ರ ಏಳುತ್ತವೆ. ಅಂಚಿಗೆ ಹೊಡೆದರೆ ಉಳಿದವೂ ಏಳುತ್ತವೆ.

ಐದು, ಬಿಗಿ. ಆವೃತ್ತಿ ಟೆನ್ಶನ್‌ನ ವರ್ಗಮೂಲದ ಪ್ರಕಾರ ಏರುತ್ತೆ. ಟೆನ್ಶನ್ ಎರಡು ಪಟ್ಟಾದರೆ 200 ಹರ್ಟ್ಜ್ 283 ಆಗುತ್ತೆ. ಕಾಕಾ ಬೆಂಕಿ ಮುಂದೆ ಮಾಡೋ ಕೆಲಸ ಇಲ್ಲಿ ಒಂದು ನಾಬ್ ತಿರುಗಿಸಿದರೆ ಮುಗೀತು. ಕೋಲಿನ ಸದ್ದು, ಓಣಿ ಯಾವುದೂ ಹಾಳಾಗಲ್ಲ.

ವೈಟಲ್, ಸರ್ಜ್ ಎಕ್ಸ್‌ಟಿ ಅನ್ನೋ ಸಿಂಥ್‌ಗಳು ದುಡ್ಡಿಲ್ಲದೆ ಸಿಗುತ್ತವೆ. ನಿಜವಾದ ಹಲಗಿಯ ಅನುಪಾತ ನೋಡಬೇಕು ಅಂದ್ರೆ ಒಂದು ಪೆಟ್ಟನ್ನ ಆಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರಮ್ ತೆಗೀರಿ. ಪುಸ್ತಕದ ಅಂಕಿಗೆ ತಂತಾನೇ ಕೂಡಲ್ಲ. ಪೊರೆಯ ಜೊತೆ ಗಾಳಿಯೂ ಅದುರುತ್ತೆ, ಚರ್ಮದ ದಪ್ಪ ಎಲ್ಲ ಕಡೆ ಒಂದೇ ಇರಲ್ಲ. ಆ ವ್ಯತ್ಯಾಸವೇ ಆ ಹಲಗಿಯ ಗುರುತು.

ಹಳೆಯ ಜಗಳ

ಇದು ನಮ್ಮ ಹಾಸ್ಟೆಲ್‌ನಲ್ಲಿ ಹುಟ್ಟಿದ ಜಗಳವಲ್ಲ. 1980ರಲ್ಲಿ ಎರಡು ಡ್ರಮ್ ಮಷೀನು ಬಂದವು. ಲಿನ್ ಎಲ್‌ಎಂ-1 ನಿಜವಾದ ಡ್ರಮ್ಮಿನ ಸ್ಯಾಂಪಲ್ ಬಾರಿಸುತ್ತಿತ್ತು. ರೋಲ್ಯಾಂಡ್ ಟಿಆರ್-808 ಸರ್ಕ್ಯೂಟಿನಿಂದ ಸದ್ದು ಹುಟ್ಟಿಸುತ್ತಿತ್ತು, ಬೆಲೆಯೂ ತುಂಬ ಕಡಿಮೆ. 808 ನಿಜವಾದ ಡ್ರಮ್ಮಿನ ಹಾಗೆ ಕೇಳಲಿಲ್ಲ, ಕೆಲವೇ ವರ್ಷದಲ್ಲಿ ತಯಾರಿಕೆ ನಿಂತಿತು. ಆದರೆ ಆ ಸದ್ದನ್ನೇ ಜನ ಇಷ್ಟಪಟ್ಟರು, ಇವತ್ತು ಹಿಪ್‌ಹಾಪ್‌ನಲ್ಲಿ ಬೇಸ್ ಅಂದ್ರೇನೇ 808. ಮುಂಬೈನ ಚರಣಜಿತ್ ಸಿಂಗ್ 1982ರಲ್ಲೇ ಆ 808 ಮತ್ತು ಇನ್ನೆರಡು ರೋಲ್ಯಾಂಡ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ಆಲ್ಬಂ ಮಾಡಿದ್ದರು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ತಂಬೂರಿ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಅವರ ಊರು ನಮ್ಮದು. ಹುಬ್ಬಳ್ಳಿ-ಧಾರವಾಡದಲ್ಲಿ ಹಾಡು ಕಲಿಯೋ ಮನೆಯಲ್ಲಿ ಒಂದು ಎಲೆಕ್ಟ್ರಾನಿಕ್ ತಂಬೂರಿ ಡಬ್ಬಿಯೋ, ಫೋನಿನಲ್ಲಿ ಒಂದು ಆ್ಯಪ್ಪೋ ಇದ್ದೇ ಇರುತ್ತೆ. ಡಬ್ಬಿಯ ಹಿಂದೆ ಇರೋದು ನಮ್ಮ ಥರದ ಒಬ್ಬ ಎಂಜಿನಿಯರ್: ಬೆಂಗಳೂರಿನಲ್ಲಿ ರಾಡೆಲ್ ಕಂಪನಿ ಕಟ್ಟಿದ ಜಿ. ರಾಜ್ ನಾರಾಯಣ್. ಅವರು ಕೊಳಲು ವಾದಕರೂ ಹೌದು. ಹಳೆಯ ಡಬ್ಬಿಗಳು ಸರ್ಕ್ಯೂಟಿನಿಂದ ಸದ್ದು ಹುಟ್ಟಿಸುತ್ತಿದ್ದವು. ಈಗಿನ ಎಷ್ಟೋ ಆ್ಯಪ್‌ಗಳು ನಿಜವಾದ ತಂಬೂರಿಯ ರೆಕಾರ್ಡಿಂಗ್ ಬಾರಿಸುತ್ತವೆ. ಇಲ್ಲೂ ಅದೇ ಶ್ರುತಿಯ ಸಮಸ್ಯೆ ನೋಡಿ. ಗಂಗೂಬಾಯಿಯವರದು ಗಂಡುದನಿಯಂಥ ತಗ್ಗಿನ ಗಂಭೀರ ದನಿ. ಹೊಸದಾಗಿ ಕಲಿಯೋ ಹುಡುಗಿಗೆ ಎಷ್ಟೋ ಮೇಲಿನ ಶ್ರುತಿ ಬೇಕು. ಒಂದೇ ರೆಕಾರ್ಡಿಂಗನ್ನ ಅಲ್ಲಿಂದ ಇಲ್ಲಿಗೆ ಎಳೆದರೆ ತಂಬೂರಿಯ ಬುರುಡೆಯೂ ಕುಗ್ಗಿದ ಹಾಗೆ ಕೇಳುತ್ತೆ. ಅದಕ್ಕೆ ಬೇರೆ ಬೇರೆ ಶ್ರುತಿಗೆ ಬೇರೆ ಬೇರೆ ರೆಕಾರ್ಡ್ ಮಾಡಬೇಕು. ಸರ್ಕ್ಯೂಟಿಗೆ ಆ ಚಿಂತೆ ಇಲ್ಲ, ನಾಬ್ ತಿರುಗಿಸಿದರೆ ಸಾಕು. ಆದರೆ ತಂಬೂರಿಯ ಜವಾರಿ, ಆ ಗುಂಯ್ ಅನ್ನೋ ಮಿಂಚು, ಅದು ಸರ್ಕ್ಯೂಟಿಗೆ ಸುಲಭಕ್ಕೆ ಬರಲ್ಲ.

ಕಾಕಾನ ಎರಡನೇ ಮಾತು

ನನ್ನ ಸಿಂಥ್ ಹಲಗಿ ತಯಾರಾಯಿತು. ಸತ್ಯ ಹೇಳಬೇಕೆಂದರೆ ನನಗೇ ಹೆಮ್ಮೆ ಆಯಿತು. ಮತ್ತೆ ಕಾಕಾನ ಹತ್ತಿರ ಹೋದೆ. ಈ ಸಲ ಇದು ಪೂರ್ತಿ ನಂದೇ ಅಂತ ಮೊದಲೇ ಹೇಳಿದೆ. ಕೇಳಿ ನಕ್ಕರು. "ಸದ್ದ ನಿಂದ ಐತಿ. ಪೆಟ್ಟ ನಂದ ಐತಲ್ಲ."

ನಾನು ಬೆಪ್ಪಾದೆ. ಹೌದು, ಸದ್ದು ಮಾತ್ರ ಹೊಸದಾಗಿ ಕಟ್ಟಿದ್ದೆ. ಯಾವ ಪೆಟ್ಟು ಎಲ್ಲಿ, ಎಲ್ಲಿ ಸ್ವಲ್ಪ ತಡ, ಎಲ್ಲಿ ತೆಳು ಕಡ್ಡಿ ಎರಡು ಸಲ ಒದರುತ್ತೆ, ಅದೆಲ್ಲ ಅವರ ರೆಕಾರ್ಡಿಂಗ್ ನೋಡಿಕೊಂಡೇ ಗ್ರಿಡ್‌ನಲ್ಲಿ ಇಟ್ಟಿದ್ದೆ. ಸಿಂಥ್ ಬಳಸಿದರೆ ಯಾರ ಬಾಕಿಯೂ ಇರಲ್ಲ ಅನ್ನೋದು ಸುಳ್ಳಾಯಿತು.

ಈ ಬಾಕಿ ಸಣ್ಣ ವಿಷಯ ಅಲ್ಲ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ ಒಂದು ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಅನ್ನೋ ಡ್ರಮ್ಮರ್ ಆರೇಳು ಸೆಕೆಂಡು ಒಬ್ಬರೇ ಬಾರಿಸಿದರು. ಆಮೆನ್ ಬ್ರೇಕ್ ಅಂತ ಹೆಸರಾದ ಆ ತುಣುಕನ್ನ ಸಾವಿರಾರು ಹಾಡುಗಳಲ್ಲಿ ಸ್ಯಾಂಪಲ್ ಮಾಡಿದ್ದಾರೆ. ಜಂಗಲ್, ಡ್ರಮ್ ಅಂಡ್ ಬೇಸ್ ಅನ್ನೋ ಪ್ರಕಾರಗಳು ಅದರ ಮೇಲೇ ನಿಂತಿವೆ. ಕೋಲ್‌ಮನ್‌ಗೆ ಅದರಿಂದ ರಾಯಲ್ಟಿ ಬರಲಿಲ್ಲ, 2006ರಲ್ಲಿ ತೀರಿಕೊಂಡರು. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 24,000 ಪೌಂಡ್ ಕೊಟ್ಟರು. ಬಾರಿಸಿದ ಕೈಗೆ ಅದು ಮುಟ್ಟಲಿಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಹೋಳಿಯಲ್ಲಿ ಹಲಗಿ ಎಲ್ಲರೂ ಬಾರಿಸ್ತಾರೆ. ಆದರೆ ತಲೆತಲಾಂತರದಿಂದ ಅದನ್ನ ಬಾರಿಸಿಕೊಂಡು ಬಂದವರನ್ನ ಊರು ಮೆರವಣಿಗೆಗೆ ಕರೆದು, ಪಂಕ್ತಿಗೆ ಕರೆಯದೆ ದೂರ ಇಟ್ಟಿದ್ದೂ ನಿಜ. ಅವರ ಸದ್ದು ತಗೊಂಡು ಹೆಸರು ಬಿಡೋದು ಹಳೇ ಚಾಳಿ. ನಾನು "ನಂದೇ ಅಣ್ಣಾ" ಅಂದಾಗ ಮಾಡಿದ್ದೂ ಅದನ್ನೇ.

ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಒಂದು ಹಕ್ಕು, ಪ್ರದರ್ಶನ ಕೊಟ್ಟ ಕಲಾವಿದರಿಗೆ ಬೇರೆ ಹಕ್ಕು. ಕಲಾವಿದರ ಹಕ್ಕು 50 ವರ್ಷ ಇರುತ್ತೆ. ರೆಕಾರ್ಡ್ ಬಟನ್ ಒತ್ತಿದ ಮಾತ್ರಕ್ಕೆ ಎಲ್ಲವೂ ನಮ್ಮದಾಗಲ್ಲ.

ಕೊನೆಗೆ ಮಾಡಿದ್ದು

ಕೊನೆಗೆ ಕಾಕಾನನ್ನ ಸರಿಯಾಗಿ ಕೇಳಿದೆ. ಒಂದು ಭಾನುವಾರ ಬೆಳಿಗ್ಗೆ, ಓಣಿಯಲ್ಲಿ ಗದ್ದಲ ಏಳುವ ಮೊದಲು, ಅವರು ಹಲಗಿ ಕಾಯಿಸಿಕೊಂಡು ಕೂತರು. ನೀವೂ ಮಾಡುವುದಾದರೆ ನಾನು ಕಲಿತದ್ದು ಇಷ್ಟು:

ಫೋನನ್ನ ಹಲಗಿಯಿಂದ ಒಂದೂವರೆ ಮೀಟರ್ ದೂರ ಇಡಿ. ಹತ್ತಿರ ಇಟ್ಟರೆ ಅಲೆಯ ತುದಿ ಕತ್ತರಿಸಿ ಹೋಗುತ್ತೆ, ಆಮೇಲೆ ಅದನ್ನ ತರಕ್ಕಾಗಲ್ಲ. ನಾಯ್ಸ್ ತೆಗೆಯುವ, ವಾಲ್ಯೂಮ್ ತಾನೇ ಹೊಂದಿಸುವ ಆಯ್ಕೆಗಳನ್ನ ಆಫ್ ಮಾಡುವ ರೆಕಾರ್ಡರ್ ಬಳಸಿ, ವೇವ್ ಫೈಲ್‌ನಲ್ಲಿ ಉಳಿಸಿ. ಅತಿ ಜೋರು ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಿರಲಿ. ಮೆಲ್ಲಗೆ, ಮಧ್ಯಮ, ಜೋರು, ಹೀಗೆ ಮೂರು ಮಟ್ಟ. ಪ್ರತಿ ಮಟ್ಟಕ್ಕೆ ನಾಲ್ಕೈದು ಪೆಟ್ಟು. ಸ್ಯಾಂಪ್ಲರ್ ಅವನ್ನ ಸರದಿ ಪ್ರಕಾರ ಬಾರಿಸಿದರೆ ಹೊಲಿಗೆ ಮಷೀನು ಮಾಯ. ಕತ್ತರಿಸುವಾಗ ಅಲೆ ಸೊನ್ನೆ ದಾಟುವ ಜಾಗದಲ್ಲಿ ಕತ್ತರಿಸಿ, ಇಲ್ಲದಿದ್ದರೆ ಟಿಕ್ ಅನ್ನುತ್ತೆ.

ಆಮೇಲೆ ಎರಡನ್ನೂ ಕೂಡಿಸಿದೆ. ಇದು 1987ರ ರೋಲ್ಯಾಂಡ್ ಡಿ-50ಯ ಉಪಾಯ. ಒಂದು ವಾದ್ಯವನ್ನ ಕಿವಿ ಗುರುತಿಸೋದು ಬಹುಮಟ್ಟಿಗೆ ಸದ್ದಿನ ಶುರುವಿನಲ್ಲೇ. ಅದಕ್ಕೆ ಅವರು ಶುರುವಿಗೆ ಚಿಕ್ಕ ಸ್ಯಾಂಪಲ್, ಉಳಿದ ಉದ್ದಕ್ಕೆ ಸಿಂಥ್ ಇಟ್ಟರು. ನಾನೂ ಮೊದಲ 40 ಮಿಲಿಸೆಕೆಂಡು ಕಾಕಾನ ಕೋಲನ್ನೇ ಇಟ್ಟೆ. ಅದು ಕರಗುವಾಗ ಕೆಳಗಿನಿಂದ ನನ್ನ ಸೈನ್ ಅಲೆಗಳು ಏಳುತ್ತವೆ. ಹಾಡಿನ ಶ್ರುತಿ ಬದಲಾದರೆ ಸೈನ್ ಅಲೆಗಳು ಮಾತ್ರ ಬದಲಾಗುತ್ತವೆ, ಕೋಲು ಹಾಗೇ ಇರುತ್ತೆ.

ಹಾಗಾದರೆ ಜಗಳಕ್ಕೆ ಉತ್ತರ? ಒಂದು ಸದ್ದು ಅದೇ ಸದ್ದಾಗಿ ಬೇಕಿದ್ದರೆ, ಅದೇ ಓಣಿ ಅದೇ ಕೈ ಬೇಕಿದ್ದರೆ, ಸ್ಯಾಂಪಲ್. ಸದ್ದನ್ನ ಬಗ್ಗಿಸಬೇಕು, ಎಳೆಯಬೇಕು, ಹಿಂದೆಂದೂ ಇಲ್ಲದ್ದು ಬೇಕು ಅಂದ್ರೆ ಸಿಂಥ್. ಸ್ಯಾಂಪಲ್ ಮಾಡೋದು ಕಾಪಿ ಅಲ್ಲ. ಕೇಳದೆ ತಗೊಂಡು ನಂದು ಅನ್ನೋದು ಕಾಪಿ. ಅದನ್ನ ಸಿಂಥ್‌ನಲ್ಲೂ ಮಾಡಬಹುದು, ನಾನೇ ಮಾಡಿದ್ದೀನಿ.

ಹೊಸ ಟ್ರ್ಯಾಕಿನ ಮೇಲೆ ಈಗ ಎರಡು ಹೆಸರಿವೆ, ಮೊದಲನೆಯದು ಕಾಕಾಂದು. ಕಾರ್ಯಕ್ರಮದಲ್ಲಿ ಬಾರಿಸಿದ್ದಕ್ಕೆ ಸಿಕ್ಕ ದುಡ್ಡಲ್ಲಿ ಅರ್ಧ ಕೊಟ್ಟೆ. ಮೊದಲು ಬೇಡ ಅಂದರು, ಆಮೇಲೆ ತಗೊಂಡರು. ಆ ಸೀನಿಯರ್‌ಗೂ ಮೆಸೇಜ್ ಮಾಡಿ ಹೇಳಿದೆ, ಅದು ನಂದಲ್ಲ ಅಂತ. ಟ್ರ್ಯಾಕ್ ಕೇಳಿ ಕಾಕಾ ಹೇಳಿದ್ದು ಇಷ್ಟೇ: "ಈಗ ಕಾದೈತಿ ನೋಡ."